ಮೊದಲು ನೀರಿಗಿಳಿಯುತ್ತಿದ್ದ ದಿಲಾವರ ಸಾಹೇಬರು

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳ ಜನರು ಇಂದು ಒಬ್ಬರ ಊರನ್ನು ಒಬ್ಬರು ಕಂಡಿದ್ದರೆ, ಹೆಣ್ಣು ಕೊಟ್ಟು ಹೆಣ್ಣು ತಂದು ದೂರದೂರದಲ್ಲಿ ಬೀಗರಾಗಿದ್ದರೆ, ಜ್ವರ ಬಂದವರು ದವಾಖಾನೆಯನ್ನೂ ತಂಟೆ ಬಂದವರು ಕೋರ್ಟನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೆ, ಅದಕ್ಕೆ ಕಾರಣ ಹದಿನೇಳು ವರ್ಷಗಳಿಂದ ಈ ದಾರಿಯಲ್ಲಿ ಓಡಿದ ಒಂದು ಸರ್ವಿಸ್ ಮೋಟಾರು; ಆ ಮೋಟಾರನ್ನು ಹದಿನೇಳು ವರ್ಷವೂ ಓಡಿಸಿದವರು ಹತ್ತಿಮತ್ತೂರಿನ ಶ್ರೀ ದಿಲಾವರ ಸಾಹೇಬರು. ಅಭಿನಂದನ ಗ್ರಂಥಗಳು ಸಾಮಾನ್ಯವಾಗಿ ಪಂಡಿತರಿಗೆ, ವಕೀಲರಿಗೆ, ಧರ್ಮಶಾಲೆ ಕಟ್ಟಿಸಿದ ಸಾವಕಾರರಿಗೆ ಸಲ್ಲುವ ಗೌರವ. ಒಬ್ಬ ಮೋಟಾರು ಡ್ರೈವರರಿಗೆ ಪ್ರಯಾಣಿಕರೇ ಕೂಡಿ ಇಂಥದೊಂದು ಪುಸ್ತಕವನ್ನು ಅರ್ಪಿಸುವುದು ನಮ್ಮ ಜಿಲ್ಲೆಯಲ್ಲಿ ಇದೇ ಮೊದಲಿರಬೇಕು. ಮುಂದಾಳುಗಳಾದವರಿಗೆ ನನ್ನ ನಮಸ್ಕಾರ.

ಆದರೆ ಸಮಿತಿಯವರು ಲೇಖನ ಕೇಳಲು ನಮ್ಮ ಮನೆಗೆ ಬಂದ ದಿನದಿಂದ ನನಗೆ ಊಟ ರುಚಿಸಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಾನು ಹೇಳದೆ ಮುಗಿಸಿಬಿಡುವ ಮನುಷ್ಯ. ಸಾಹೇಬರಿಗೆ ಈಗ ನಲವತ್ತೊಂಬತ್ತು. ನಿವೃತ್ತಿಯ ವಯಸ್ಸಲ್ಲ. ಈ ದಾರಿಯ ಮೋಟಾರುಗಳನ್ನು ಇನ್ನು ಮುಂದೆ ಸರಕಾರವೇ ನಡೆಸುತ್ತದೆಂದು ಗೊತ್ತಾಗಿ ಕಂಪನಿಯ ಮಾಲೀಕರು ಬಾಗಿಲು ಹಾಕಿದರು. ಹಳೆಯ ಡ್ರೈವರರ ಕಾಗದಪತ್ರ ನೋಡಿ ಹೊಸ ನೌಕರಿಗೆ ತೆಗೆದುಕೊಂಡಾಗ ಐವರಲ್ಲಿ ನಾಲ್ವರು ಆಯ್ಕೆಯಾದರು, ಇವರೊಬ್ಬರು ಆಗಲಿಲ್ಲ. ಇವರ ಸೇವಾಪುಸ್ತಕದಲ್ಲಿ ಒಂದೇ ಒಂದು ಕೆಟ್ಟ ಷರಾ ಇದೆ. ಆ ಷರಾ ಬರಲು ಕಾರಣನಾದವನು ನಾನು. ಅದು ಹೇಗೆಂದು ಬರೆಯದೆ ಅವರ ಗುಣಗಾನ ಮಾಡಿದರೆ, ಕಾಲು ಅಡ್ಡಕೊಟ್ಟು ಬೀಳಿಸಿದವನೇ ಕೈಹಿಡಿದು ಎಬ್ಬಿಸಿ ಶಹಬ್ಬಾಸ್ ಎನಿಸಿಕೊಂಡಂತೆ ಆಗುತ್ತದೆ.

ನಾನು ತಿಳವಳ್ಳಿಯ ಕನ್ನಡ ಶಾಲೆಗೆ ಮುಖ್ಯ ಶಿಕ್ಷಕನಾಗಿ ಬಂದದ್ದು ೧೯೩೬ರ ಜೂನಿನಲ್ಲಿ. ಆಗಿನ ಪದ್ಧತಿಯಂತೆ ಊರಿನ ಶಾಖಾ ಟಪಾಲು ಕಚೇರಿಯೂ ಶಾಲೆಯ ಮಾಸ್ತರರ ಕೈಯಲ್ಲೇ ಇರುತ್ತಿತ್ತು. ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದು ಮೂಲೆಯಲ್ಲಿ ಮೊಹರು. ಟಪಾಲಿನ ಚೀಲ ಬರುತ್ತಿದ್ದದ್ದು, ಹೋಗುತ್ತಿದ್ದದ್ದು ದಿಲಾವರ ಸಾಹೇಬರ ಮೋಟಾರಿನಲ್ಲಿ. ಮೋಟಾರು ಒಂದು ದಿನ ಸವಣೂರಿನಿಂದ ಹೊರಟು ಶಿಗ್ಗಾಂವಿ, ಹಾನಗಲ್ಲು, ತಿಳವಳ್ಳಿ, ಚಿಕ್ಕೇರೂರುಗಳ ಮೇಲೆ ಹಾಯ್ದು ಹಿರೇಕೆರೂರು ಮುಟ್ಟುವುದು. ಮರುದಿನ ಅದೇ ದಾರಿಯಲ್ಲಿ ತಿರುಗುವುದು. ಗಡಿಯಾರ ನೋಡಿ ಬದುಕುವವರಿಗೆ ಮೋಟಾರಿನ ಹಾದಿ ಕಾಯುವಂಥ ಶಿಕ್ಷೆ ಬೇರೊಂದಿಲ್ಲ. ನಾನು ಹುಟ್ಟಾ ಚಿಂತೆಯ ಮನುಷ್ಯ. ಹತ್ತು ಗಂಟೆಯ ಮೋಟಾರಿಗೆ ಒಂಬತ್ತಕ್ಕೇ ಶಾಲೆಯ ಕಿಟಕಿಯಿಂದ ಇಣುಕತೊಡಗುತ್ತಿದ್ದೆ. ಹತ್ತೂವರೆಯಾದರೆ ರಸ್ತೆಗೇ ಹೋಗಿ ನಿಲ್ಲುತ್ತಿದ್ದೆ.

ಮೋಟಾರು ತಡವಾಗಲು ಇದ್ದ ಕಾರಣ ನನಗೆ ಮೊದಲ ಮಳೆಗಾಲದಲ್ಲೇ ತಿಳಿಯಿತು. ತಿಳವಳ್ಳಿಗೂ ಹಾನಗಲ್ಲಿಗೂ ನಡುವೆ ಕರೇಹಳ್ಳ ಎಂಬ ಹಳ್ಳ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಹಳ್ಳದ ತಳಕ್ಕೆ ಚಪ್ಪಡಿ ಹಾಸಿದ ಒಂದು ಫರಸಿ ಇದೆ. ನೀರು ಅದರ ಮೇಲೆ ಹರಿಯುತ್ತದೆ, ಬಂಡಿ-ಮೋಟಾರುಗಳು ಆ ನೀರಿನಲ್ಲೇ ದಾಟುತ್ತವೆ. ಬೇರೆ ಡ್ರೈವರರು ನೀರನ್ನು ಕಂಡೊಡನೆ ಹಾರ್ನು ಬಾರಿಸಿ ಬುರ್ರೆಂದು ನುಗ್ಗಿಸುತ್ತಿದ್ದರು. ಎರಡೂ ಬದಿಗೆ ನೀರು ಹಾರುತ್ತಿತ್ತು, ಒಳಗಿನವರು ನಗುತ್ತಿದ್ದರು. ದಿಲಾವರ ಸಾಹೇಬರು ಹಾಗಲ್ಲ. ಮೋಟಾರು ನಿಲ್ಲಿಸಿ, ಇಳಿದು, ಬಗ್ಗಿ ಕಾಲ್ಮರಿ ಕಳಚಿ, ಇಜಾರು ಮೊಣಕಾಲಿನವರೆಗೆ ಮಡಚಿ, ಕೈಯಲ್ಲಿ ಒಂದು ಬಿದಿರು ಬಡಿಗೆ ಹಿಡಿದು ಈ ದಂಡೆಯಿಂದ ಆ ದಂಡೆಗೆ ನಡೆದುಹೋಗುವರು. ಹೋದ ದಾರಿಯಲ್ಲೇ ತಿರುಗಿ ಬರುವರು. ಆಮೇಲೆ ಮೋಟಾರು ದಾಟಿಸುವರು. ನೀರು ಪಾದ ಮುಳುಗುವಷ್ಟೇ ಇರಲಿ, ಈ ಕ್ರಮದಲ್ಲಿ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ.

ಅವರ ಅಂಜಿಕೆ ಹಳ್ಳಕ್ಕೆ ಮಾತ್ರ ಸೀಮಿತವಾದದ್ದೂ ಅಲ್ಲ. ಪ್ರತಿ ಊರಿನಲ್ಲೂ ಟಾಯರುಗಳನ್ನು ಕಲ್ಲಿನಿಂದ ತಟ್ಟಿ ಕಿವಿಗೊಟ್ಟು ಕೇಳುವರು. ಇಳಿಜಾರು ಬರುವ ಮುಂಚೆ ಕೂಸು ಎತ್ತಿಕೊಂಡ ಹೆಂಗಸರನ್ನು ನಡುವಿನ ಸೀಟಿಗೆ ಬದಲಾಯಿಸುವರು. ಚಿಕ್ಕೇರೂರಿನ ಒಬ್ಬ ರೋಗಿಗೆ ಹಾನಗಲ್ಲಿನಿಂದ ಔಷಧದ ಬಾಟಲಿ ಒಯ್ಯುವಾಗ ಅದು ಕುಲುಕೀತೆಂದು ದಾರಿಯುದ್ದಕ್ಕೂ ತಮ್ಮ ಎರಡು ತೊಡೆಗಳ ನಡುವೆ ಹಿಡಿದುಕೊಂಡು ಮೋಟಾರು ಓಡಿಸಿದ್ದನ್ನು ನಾನೇ ಕಂಡಿದ್ದೇನೆ. ವಾರಕ್ಕೆರಡು ಬಾಟಲಿಯಂತೆ ನಾಲ್ಕು ತಿಂಗಳು ಹೀಗೆ ಒಯ್ದರು. ಆ ರೋಗಿ ಈಗ ಹೊಲ ಉಳುತ್ತಾನೆ. ಇದನ್ನೆಲ್ಲ ಆಗ ನಾನು ಗುಣವೆಂದು ಎಣಿಸಲಿಲ್ಲ. ತನ್ನಂಥ ಇನ್ನೊಬ್ಬ ಅಂಜುಬುರುಕನನ್ನು ಕಂಡರೆ ಅಂಜುಬುರುಕನಿಗೆ ಆಗಿಬರುವುದಿಲ್ಲ ಎಂದು ತೋರುತ್ತದೆ.

ಒಮ್ಮೆ ಟಪಾಲಿನ ಚೀಲ ಕೊಡಲು ಬಂದವರನ್ನು ನಾನು ಕೇಳಿಯೇಬಿಟ್ಟೆ. "ಏನ್ರಿ ಸಾಹೇಬ್ರ, ಪಾದ ತೊಯ್ಯೂವಷ್ಟು ನೀರಿಗೂ ಇಷ್ಟು ಅಂಜಿದ್ರ ಹೆಂಗ್ರಿ? ಕೂತವರೆಲ್ಲಾ ನಗತಾರ."

"ನಗಲಿ ಬಿಡ್ರಿ ಮಾಸ್ತರ. ನಗಾಕ ಅವರು ಇರಬೇಕಲ್ರಿ," ಎಂದರು ಸಾಹೇಬರು. ಅವರ ಕಂಡಕ್ಟರ ಗುದ್ಲೆಪ್ಪ ಪಕ್ಕಕ್ಕೆ ತಿರುಗಿ ನಕ್ಕ. ನನಗೆ ಅವಮಾನವಾಯಿತು.

ಆ ವರ್ಷ ನಾನು ಕಂಪನಿಯ ಮಾಲೀಕರಿಗೆ ಮೂರು ತಕರಾರು ಅರ್ಜಿ ಬರೆದೆ. ನಾನೇ ಬರೆದು, ನಾನೇ ಮೊಹರು ಹೊಡೆದು, ಚೀಲಕ್ಕೆ ಹಾಕಿ, ಆ ಚೀಲವನ್ನು ಸಾಹೇಬರ ಕೈಗೇ ಕೊಡುತ್ತಿದ್ದೆ. ಅವರು ಅದನ್ನು ಮಳೆಗೆ ತೋಯದಂತೆ ತಾಡಪತ್ರಿಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಅರ್ಜಿಗಳಿಂದ ಏನೂ ಆಗದಾಗ ನನಗೊಂದು ಯುಕ್ತಿ ಹೊಳೆಯಿತು. ಫರಸಿಯ ದಂಡೆಗೆ ಒಂದು ಅಳತೆಯ ಕಲ್ಲು ನೆಟ್ಟು ಅದರ ಮೇಲೆ ಕೆಂಪು ಗೆರೆ ಎಳೆಯಿಸಿದರೆ ಹೇಗೆ? ಗೆರೆ ಕಂಡರೆ ಫರಸಿಯ ಮೇಲೆ ನೀರು ಮೊಣಕಾಲಿಗಿಂತ ಕಡಿಮೆ, ದಾಟಬಹುದು. ಗೆರೆ ಮುಳುಗಿದರೆ ನಿಲ್ಲಬೇಕು. ಡ್ರೈವರರು ಕಾಲು ತೋಯಿಸಿಕೊಳ್ಳುವ ಕಾರಣವೇ ಇಲ್ಲ. ರಸ್ತೆ ಇಲಾಖೆಯ ಮೇಲಿನವರಿಗೆ ಬರೆದೆ, ಒಪ್ಪಿಗೆಯಾಯಿತು. ೧೯೩೮ರ ಬೇಸಿಗೆಯಲ್ಲಿ ಕಲ್ಲು ನೆಟ್ಟರು. ನನ್ನ ಸೂಚನೆಯನ್ನು ಮೆಚ್ಚಿ ಬಂದ ಕಾಗದಕ್ಕೆ ಕಟ್ಟು ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಿದೆ. ಮಾಲೀಕರೂ ಇನ್ನು ಮುಂದೆ ಕಲ್ಲು ನೋಡಿಯೇ ಮೋಟಾರು ದಾಟಿಸಬೇಕೆಂದು ಹುಕುಮು ಮಾಡಿದರು.

ಸಾಹೇಬರು ಆ ಹುಕುಮಿಗೆ ತಲೆಯಾಡಿಸಿದರು. ನೀರಿಗಿಳಿಯುವುದನ್ನು ಮಾತ್ರ ಬಿಡಲಿಲ್ಲ. ನಾನು ಸಿಟ್ಟಿನಿಂದ ಕಾರಣ ಕೇಳಿದಾಗ, "ಕಲ್ಲು ದಂಡೀಗೆ ಐತ್ರಿ ಮಾಸ್ತರ, ತೆಗ್ಗು ಹಳ್ಳದ ನಡುವ ಇರತೈತಿ. ಚಪ್ಪಡಿ ಒಂದು ಕಿತ್ತು ಹೋಗಿದ್ರ ಆ ಕಲ್ಲು ನನಗ ಹೇಳತೈತೇನ್ರಿ?" ಎಂದರು. ಮಾತು ಸರಿಯಾಗಿದ್ದುದಕ್ಕೇ ನನ್ನ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಇಲ್ಲಿ ಕರೇಹಳ್ಳದ ಭರಮವ್ವನ ವಿಷಯ ಹೇಳಬೇಕು. ಹಳ್ಳದ ದಂಡೆಗೆ ನಾಲ್ಕೇ ಮನೆಗಳಿವೆ; ಅದರಲ್ಲೊಂದು ಈ ಮುದುಕಿಯದು. ಹೊಸ ಕಲ್ಲು ಬಂದ ಮೇಲೆ ಆಕೆ ದಿನವೂ ಒಂದು ವಿಚಿತ್ರ ಕಂಡಳು. ಅಷ್ಟು ದೊಡ್ಡ ಮೋಟಾರು ಕಲ್ಲಿನ ಮುಂದೆ ಬಂದು ಗಪ್ಪನೆ ನಿಲ್ಲುತ್ತದೆ. ಡ್ರೈವರ ಸಾಹೇಬರು ಇಳಿದು ಬಂದು, ಕಾಲ್ಮರಿ ಕಳಚಿಟ್ಟು, ಕಲ್ಲಿನೆದುರು ನಡು ಬಗ್ಗಿಸುತ್ತಾರೆ. ಇಜಾರು ಮಡಚಲು ಬಗ್ಗುತ್ತಾರೆಂಬುದು ಅವಳಿಗೆ ಹೊಳೆಯಲಿಲ್ಲ. ಬೇರೆ ಮತದವರು ಕೂಡ ಕಾಲ್ಮರಿ ಬಿಟ್ಟು ತಲೆಬಾಗುವ ಕಲ್ಲು ಬರಿಯ ಕಲ್ಲಾಗಿರಲು ಸಾಧ್ಯವೇ? ಮೇಲಾಗಿ ಹಣೆಗೆ ಕೆಂಪು ಬೇರೆ ಹಚ್ಚಿದೆ. ಮೊದಲು ಅರಿಷಿಣ ಬಂತು, ಆಮೇಲೆ ಹೂವು ಬಂತು, ಎರಡನೆಯ ವರ್ಷಕ್ಕೆ ಪ್ರಯಾಣಿಕರು ಕಾಯಿ ಒಡೆಯತೊಡಗಿದರು. ನನ್ನ ಅಳತೆಯ ಕಲ್ಲು ಫರಸೆವ್ವನಾಯಿತು. ನಾನು ನಕ್ಕು ಸುಮ್ಮನಾದೆ. ಸಾಹೇಬರು ಸಂಕೋಚದಿಂದ ಮೋಟಾರನ್ನು ನಾಲ್ಕು ಮಾರು ಈಚೆಗೆ ನಿಲ್ಲಿಸತೊಡಗಿದರು.

ಮುಂದೆ ಯುದ್ಧ ಬಂತು, ಪೆಟ್ರೋಲು ಹೋಯಿತು. ೧೯೪೨ರಲ್ಲಿ ಮೋಟಾರಿನ ಬೆನ್ನಿಗೆ ಇದ್ದಲಿಯ ಒಲೆಯೊಂದನ್ನು ಕಟ್ಟಿದರು. ಹೊರಡುವ ಮುಂಚೆ ಗುದ್ಲೆಪ್ಪ ಅರ್ಧ ತಾಸು ಪಂಖಾ ತಿರುಗಿಸಿ ಕೆಂಡ ಕಾಯಿಸಬೇಕು, ಅದರ ಹೊಗೆಯಿಂದ ಎಂಜಿನು ನಡೆಯಬೇಕು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ನೂಕುವುದು ಟಿಕೀಟಿನೊಳಗೇ ಸೇರಿಹೋಯಿತು. ಇಂಥ ಮೋಟಾರನ್ನು ಹಳ್ಳದ ಮುಂದೆ ನಿಲ್ಲಿಸಿದರೆ ಮತ್ತೆ ಚಾಲೂ ಆಗುವ ಭರವಸೆ ಇಲ್ಲ. ಆದರೂ ಸಾಹೇಬರು ನಿಲ್ಲಿಸಿದರು. ಪ್ರತಿ ಸಲವೂ ಇಳಿದರು, ಪ್ರತಿ ಸಲವೂ ನಡೆದರು. ನಾನು ನಾಲ್ಕನೆಯ ಅರ್ಜಿ ಬರೆದೆ.

ಇನ್ನು ೧೯೪೩ರ ಆಷಾಢದ ಆ ದಿನಕ್ಕೆ ಬರುತ್ತೇನೆ. ನನ್ನ ಹೆಂಡತಿ ಹೊನ್ನವ್ವ ದಿನ ತುಂಬಿದ ಗರ್ಭಿಣಿ. ನಮ್ಮ ಚೊಚ್ಚಲ ಕೂಸು ಮೂರು ವರ್ಷದ ಹಿಂದೆ ಹೆರಿಗೆಯಲ್ಲೇ ತೀರಿಕೊಂಡಿತ್ತು. ಅಂದು ಬೆಳಿಗ್ಗೆ ನೋವು ಕಾಣಿಸಿಕೊಂಡಾಗ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಇದೆ, ತನ್ನ ಕೈಯಿಂದ ಆಗುವುದಲ್ಲ, ಹಾನಗಲ್ಲಿನ ದವಾಖಾನೆಗೆ ಒಯ್ಯಿರಿ ಎಂದಳು. ಚಕ್ಕಡಿಯಲ್ಲಿ ಹೋದರೆ ಆ ಕೆಸರಿನಲ್ಲಿ ಸಂಜೆಯಾಗುತ್ತದೆ. ಹಿರೇಕೆರೂರಿನಿಂದ ತಿರುಗಿ ಬರುವ ಮೋಟಾರು ಒಂಬತ್ತೂವರೆಗೆ ಬರಬೇಕಿತ್ತು, ಹತ್ತಾದರೂ ಬರಲಿಲ್ಲ. ಹೊನ್ನವ್ವ ಶಾಲೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಒರಗಿದ್ದಳು. ನಾನು ರಸ್ತೆಗೂ ಕಟ್ಟೆಗೂ ಎಷ್ಟು ಸಲ ಓಡಾಡಿದೆನೋ ನನಗೇ ತಿಳಿಯದು.

"ನೀವು ಒಂದ್ಕಡೆ ಕುಂದರ್ರಿ. ನಿಮ್ಮನ್ನ ನೋಡಿದ್ರನ ನನಗ ಹೆಚ್ಚು ಅಂಜಿಕಿ ಬರತೈತಿ," ಎಂದಳು ಆಕೆ.

ಹತ್ತೂ ಕಾಲಿಗೆ ಮೋಟಾರು ಬಂತು. ಸಾಹೇಬರು ಒಂದು ನೋಟದಲ್ಲಿ ಎಲ್ಲವನ್ನೂ ತಿಳಿದರು. ಮುಂದಿನ ಉದ್ದ ಸೀಟನ್ನು ತೆರವು ಮಾಡಿಸಿ, ತಮ್ಮ ಹಾಸಿಗೆಯನ್ನೇ ಬಿಚ್ಚಿ ಹಾಸಿ, ಹೊನ್ನವ್ವನನ್ನು ಮಲಗಿಸಿದರು. ಟಪಾಲಿನ ಚೀಲವನ್ನೂ ಹಾಕಿಸಿಕೊಂಡರು. ನನ್ನ ಐದನೆಯ ಅರ್ಜಿ ಅದರೊಳಗಿತ್ತು. ದಾರಿಯಲ್ಲಿ ಪ್ರತಿ ಕುಣಿಯನ್ನೂ ಬಳಸಿ ಬಳಸಿ ಓಡಿಸಿದರು. ಹೊನ್ನವ್ವ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ನನ್ನ ತಲೆಯಲ್ಲಿ ಒಂದೇ ಲೆಕ್ಕ: ಕರೇಹಳ್ಳ ದಾಟಿದರೆ ಮುಕ್ಕಾಲು ತಾಸಿಗೆ ದವಾಖಾನೆ.

ಹಳ್ಳ ತುಂಬಿತ್ತು. ಕೆಂಪು ನೀರು, ಅದರ ಮೇಲೆ ಕಸಕಡ್ಡಿ, ನೊರೆ. ತಟ್ಟನೆ ಕಲ್ಲಿನ ಕಡೆ ನೋಡಿದೆ. ಕೆಂಪು ಗೆರೆ ನೀರಿನ ಮೇಲೆ ಪೂರಾ ಒಂದು ಗೇಣು ಎತ್ತರಕ್ಕೆ ಕಾಣುತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು. "ಗೆರೆ ಕಾಣಾಕತ್ತೈತಿ, ಹೊಡೀರಿ, ಹೊಡೀರಿ," ಎಂದೆ. ಸಾಹೇಬರು ಬ್ರೇಕು ಹಾಕಿದರು.

ಇಂದು ಬರೆಯಲು ನಾಚಿಕೆಯಾಗುವ ಮಾತುಗಳನ್ನು ನಾನು ಆಗ ಆಡಿದೆ. ನೀವು ಗಂಡಸರೋ ಅಲ್ಲವೋ ಎಂದೆ. ನನ್ನ ಹೆಂಡತಿಗೆ ಏನಾದರೂ ಆದರೆ ನಿಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೇನೆ, ಈ ನೌಕರಿಯಲ್ಲಿ ಉಳಿಯಗೊಡುವುದಿಲ್ಲ ಎಂದೆ. ಮೋಟಾರಿನಲ್ಲಿದ್ದ ಇಪ್ಪತ್ತು ಜನ ಕೇಳಿದರು. ಅವರಲ್ಲಿ ಹಲವರು ನನ್ನ ಕಡೆಗೇ ಮಾತಾಡಿದರು. ಸಾಹೇಬರು ಇಳಿದು, ನಡುವಿಗೆ ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಗುದ್ಲೆಪ್ಪನ ಕೈಗೆ ಕೊಟ್ಟರು. ಬಡಿಗೆ ಊರಿ ಫರಸಿಯ ಮೇಲೆ ಕಾಲಿಟ್ಟರು. ಕಲ್ಲಿನ ಲೆಕ್ಕದಲ್ಲಿ ಮೊಣಕಾಲೂ ಮುಳುಗಬಾರದಿತ್ತು. ಹತ್ತು ಹೆಜ್ಜೆಗೆ ನೀರು ತೊಡೆಗೆ ಬಂತು, ಹದಿನೈದಕ್ಕೆ ನಡು ಮುಟ್ಟಿತು. ಅಲ್ಲಿ ಅವರ ಕಾಲು ಜಾರಿ ತಲೆ ಒಂದು ಸಲ ಮುಳುಗಿತು. ಗುದ್ಲೆಪ್ಪನೂ ಇನ್ನಿಬ್ಬರೂ ಹಗ್ಗ ಜಗ್ಗಿ ದಂಡೆಗೆ ಎಳೆದುಕೊಂಡರು.

ಕೆಮ್ಮು ನಿಂತ ಮೇಲೆ ಸಾಹೇಬರು ನನ್ನನ್ನಲ್ಲ, ಕಲ್ಲನ್ನು ನೋಡಿದರು. ಆಗಲೇ ಭರಮವ್ವ ಬಂದಳು.

"ಈ ಕಲ್ಲು ಇಲ್ಲೆ ಇರಲಿಲ್ಲಲ್ಲಬೇ," ಎಂದರು ಸಾಹೇಬರು.

"ಹೌದೋ ಎಪ್ಪಾ," ಎಂದಳು ಭರಮವ್ವ, ಒಳ್ಳೆಯ ಕೆಲಸ ಮಾಡಿದವರ ಸಮಾಧಾನದಿಂದ. "ವರ್ಷಾ ಮಳಿಗಾಲದಾಗ ಎವ್ವ ಕುತ್ತಿಗಿತನಾ ಮುಳಗತಿದ್ಲು. ಕಣ್ಣಿಲೆ ನೋಡಾಕ ಆಗತಿದ್ದಿಲ್ಲ. ಉಗಾದಿ ಆದಮ್ಯಾಗ ಡೊಳ್ಳು ಬಾರಿಸಿ, ಎಡಿ ಕೊಟ್ಟು, ಮ್ಯಾಲ ತಂದು ಕುಂದ್ರಿಸೇವಿ. ಈಗ ನೋಡು, ಒಣಾ ಬಟ್ಟಿಲೆ ಕುಂತಾಳ."

ಒಂದೂವರೆ ಮೊಳ ಎತ್ತರಕ್ಕೆ ತಂದಿದ್ದರು. ಸಾಹೇಬರು ನನ್ನ ಮಾತು ಕೇಳಿದ್ದರೆ ನಡುಮಟ್ಟದ ಸೆಳವಿನಲ್ಲಿ ಮೋಟಾರು ಹೋಗುತ್ತಿತ್ತು. ಹೊನ್ನವ್ವ, ಹೊಟ್ಟೆಯೊಳಗಿನ ಕೂಸು, ಇಪ್ಪತ್ತು ಜನ, ನಾನು. ಆ ಕಲ್ಲನ್ನು ನೆಡಿಸಿದವನು ನಾನು. ರಸ್ತೆಯ ಕೆಸರಿನಲ್ಲೇ ಕುಳಿತುಬಿಟ್ಟೆ.

ಮುಂದಿನ ಮೂರು ತಾಸುಗಳನ್ನು ಹೇಗೆ ವರ್ಣಿಸಲಿ? ಮಳೆ ನಿಂತಿತ್ತು, ನೀರು ಇಳಿಯುತ್ತದೆಂದು ಎಲ್ಲರೂ ಹೇಳುತ್ತಿದ್ದರು, ನೀರು ಮಾತ್ರ ಅವಸರ ಮಾಡಲಿಲ್ಲ. ಹೆಂಗಸರು ಮೋಟಾರಿನ ಸುತ್ತ ಸೀರೆ ಕಟ್ಟಿ ಮರೆ ಮಾಡಿದರು. ಭರಮವ್ವ ಒಳಗೆ ಹೋಗಿ ಹೊನ್ನವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಗುದ್ಲೆಪ್ಪ ಒಲೆ ಆರದಂತೆ ಪಂಖಾ ತಿರುಗಿಸುತ್ತಲೇ ಇದ್ದ. ಹೊನ್ನವ್ವ ನರಳುವುದು ಕೇಳಿಸುತ್ತಿತ್ತು. ಅದು ನಿಂತಾಗ ನನಗೆ ಇನ್ನೂ ಹೆಚ್ಚು ದಿಗಿಲಾಗುತ್ತಿತ್ತು. ಸಾಹೇಬರು ಕಾಲು ತಾಸಿಗೊಮ್ಮೆ ಹಗ್ಗ ಕಟ್ಟಿಕೊಂಡು ನೀರಿಗಿಳಿಯುವರು, ನಡುವಿನವರೆಗೆ ಹೋಗಿ ತಿರುಗುವರು, "ಇನ್ನ ಇಲ್ಲ" ಎನ್ನುವರು. ಹನ್ನೊಂದು ಸಲ ಇಳಿದರು. ಅವರ ತುಟಿ ನೀಲಿಗಟ್ಟಿತ್ತು.

ಹನ್ನೊಂದನೆಯ ಸಲ ಆ ದಂಡೆಯವರೆಗೂ ಹೋಗಿ ಬಂದು, "ಈಗ ಆಗತೈತಿ" ಎಂದರು. ಒಂದು ಚಪ್ಪಡಿ ಕಿತ್ತುಹೋಗಿದೆ, ಅದರ ಎಡಗಡೆಗೆ ಮೋಟಾರಿನಗಲ ಜಾಗವಿದೆ, ಅಷ್ಟೇ. ಭಾರ ಕಡಿಮೆಯಾಗಲೆಂದು ಎಲ್ಲರನ್ನೂ ಇಳಿಸಿದರು. ಹೊನ್ನವ್ವ ಮತ್ತು ಭರಮವ್ವ ಮಾತ್ರ ಒಳಗೆ ಉಳಿದರು. ನಾನು ಹೆಂಡತಿಯ ಹತ್ತಿರ ಕೂಡ್ರಲು ಹೋದೆ.

"ನೀವೂ ಇಳೀರಿ ಮಾಸ್ತರ," ಎಂದರು ಸಾಹೇಬರು. "ನೀವು ಒಳಗಿದ್ರ ನನ್ನ ಲಕ್ಷ್ಯ ನಿಮ್ಮ ಮಾತಿಗೆ ಹೋಗತೈತಿ. ಬಡಿಗಿ ಹಿಡೀರಿ. ಮುಂದ ನಡೀರಿ. ನೀವು ಎಲ್ಲಿ ಕಾಲ ಇಡತೀರಿ, ಅಲ್ಲೆ ಗಾಲಿ ತರತೇನಿ."

ಹೀಗೆ ನಾನು, ಪಾದ ತೋಯುವ ನೀರಿಗೆ ಅಂಜುವವರೆಂದು ಅವರನ್ನು ಹಂಗಿಸಿದವನು, ಧೋತರ ಎತ್ತಿ ಕಟ್ಟಿ, ಬಡಿಗೆ ಊರುತ್ತ ಮೋಟಾರಿನ ಮುಂದೆ ನಡೆದೆ. ನೀರು ಮೊಣಕಾಲಿನವರೆಗಷ್ಟೇ ಇತ್ತು. ಅದು ಕಾಲನ್ನು ಎಳೆಯುವ ರೀತಿ ದಂಡೆಯಲ್ಲಿ ನಿಂತವರಿಗೆ ತಿಳಿಯುವಂಥದಲ್ಲ. ಒಂದೊಂದು ಚಪ್ಪಡಿಯನ್ನೂ ಬಡಿಗೆಯಿಂದ ತಟ್ಟಿ, ಗಟ್ಟಿ ಎನಿಸಿದ ಮೇಲೆ ಹೆಜ್ಜೆ ಇಟ್ಟೆ. ಬೆನ್ನ ಹಿಂದೆ ಎಂಜಿನಿನ ಸದ್ದು ನನ್ನ ಹೆಜ್ಜೆಗೆ ತಕ್ಕಂತೆ ಬರುತ್ತಿತ್ತು, ಒಂದು ಗೇಣೂ ಅವಸರವಿಲ್ಲದೆ. ನಡುವೆ ಚಪ್ಪಡಿ ಇಲ್ಲದ ಜಾಗಕ್ಕೆ ಬಡಿಗೆ ಇಳಿದೇ ಇಳಿದು ಹೋಯಿತು. ನಾನು ಎಡಕ್ಕೆ ಸರಿದೆ. ಸದ್ದೂ ಎಡಕ್ಕೆ ಸರಿಯಿತು. ಆ ದಂಡೆ ಮುಟ್ಟಿದಾಗ ನಾನು ಅಳುತ್ತಿದ್ದೆ.

ಹೊನ್ನವ್ವ ಬದುಕಿದಳು. ಹೆಣ್ಣು ಕೂಸು ಹುಟ್ಟಿತು. ಡಾಕ್ಟರರು ಕೂಸನ್ನು ತಿರುಗಿಸಿ ಹೊರಗೆ ತಂದರು. ಬಾಣಂತಿ ಮೂರು ವಾರ ದವಾಖಾನೆಯಲ್ಲೇ ಇದ್ದಳು. ದಿನ ಬಿಟ್ಟು ದಿನ ಸವಣೂರಿನ ಕಡೆಯಿಂದ ಮೋಟಾರು ಹಾನಗಲ್ಲಿಗೆ ಬಂದಾಗಲೆಲ್ಲ ಗುದ್ಲೆಪ್ಪನ ಕೈಯಲ್ಲಿ ಸಾಹೇಬರ ಮನೆಯಿಂದ ಒಂದು ತಂಬಿಗೆ ಆಕಳ ಹಾಲು ಬರುತ್ತಿತ್ತು. ಇತ್ತ ಹಳ್ಳ ದಾಟಿದೊಡನೆ ಇಳಿದುಕೊಂಡಿದ್ದ ಭರಮವ್ವ ಅಂದು ಸಂಜೆಯೇ ನಾಲ್ಕೂ ಮನೆಯವರನ್ನು ಕೂಡಿಸಿ, ಎವ್ವನಿಗೆ ತಪ್ಪಾಯಿತೆಂದು ಕಾಯಿ ಒಡೆದು, ಕಲ್ಲನ್ನು ಹಳೆಯ ಕುಣಿಗೇ ಇಳಿಸಿದ್ದಳು.

ಹದಿನೈದು ದಿನಕ್ಕೆ ನನಗೆ ಮೇಲಿನಿಂದ ಕಾಗದ ಬಂತು. ಅಂದಿನ ಟಪಾಲು ಮೂರು ತಾಸು ತಡವಾದುದಕ್ಕೆ ಕಾರಣವೇನು, ಶಾಖಾ ಪೋಸ್ಟಮಾಸ್ತರರು ಜವಾಬು ಕೊಡಬೇಕು. ನಾನು ಎರಡು ದಿನ ಕಾಗದ ಮುಂದಿಟ್ಟುಕೊಂಡು ಕುಳಿತೆ. ನಿಜ ಬರೆದರೆ ಕಲ್ಲಿನ ಮಾತು ಬರುತ್ತದೆ. ಸರಕಾರದ ಕಲ್ಲನ್ನು ಕಿತ್ತವರಾರು, ಅದು ದೇವರಾಗುವವರೆಗೆ ನಿಮ್ಮ ಕಣ್ಣು ಎಲ್ಲಿತ್ತು, ಇಂಥ ಸೂಚನೆ ಕೊಟ್ಟವರು ನೀವೇ ಅಲ್ಲವೇ ಎಂಬ ಪ್ರಶ್ನೆಗಳು ಬರುತ್ತವೆ. ಗೋಡೆಯ ಮೇಲೆ ಮೆಚ್ಚುಗೆಯ ಕಾಗದ ತೂಗುತ್ತಿತ್ತು. ಕೊನೆಗೆ ಒಂದು ವಾಕ್ಯ ಬರೆದೆ: "ಕಲ್ಲಿನ ಕೆಂಪು ಗೆರೆಯು ನೀರಿನ ಮೇಲೆ ಒಂದು ಗೇಣು ಕಾಣುತ್ತಿದ್ದಾಗ್ಯೂ ಚಾಲಕರು ಮೋಟಾರನ್ನು ಮೂರು ತಾಸು ನಿಲ್ಲಿಸಿದರು." ಅದರಲ್ಲಿ ಒಂದೂ ಸುಳ್ಳು ಶಬ್ದವಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ವಾಕ್ಯರಚನೆ ಕಲಿಸಿದ್ದೆ. ಆ ವಿದ್ಯೆ ಅಂದು ನನ್ನ ಉಪಯೋಗಕ್ಕೆ ಬಂತು.

ಆ ಕಾಗದದ ಪ್ರತಿ ಕಂಪನಿಗೆ ಹೋಯಿತು. ಸಾಹೇಬರನ್ನು ಒಂದು ತಿಂಗಳು ಕೆಲಸದಿಂದ ಇಳಿಸಿದರು. ಸೇವಾಪುಸ್ತಕದಲ್ಲಿ "ಕರ್ತವ್ಯದಲ್ಲಿ ಹೇಡಿತನ, ಆಜ್ಞೆಯ ಉಲ್ಲಂಘನೆ" ಎಂದು ಷರಾ ಬರೆದರು. ಭರಮವ್ವನಿಗೆ ತೊಂದರೆಯಾಗಬಾರದೆಂದು ಹೀಗೆ ಮಾಡಿದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ನಿಜವೆಂದರೆ ನನಗಾಗಿ ಮಾಡಿದೆ. ತಿಂಗಳು ಕಳೆದು ಅವರು ಮತ್ತೆ ಚೀಲ ಕೊಡಲು ಬಂದಾಗ ನಾನು ಮುಖವೆತ್ತಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಕೂಸು ಹೆಂಗೈತ್ರಿ?"

ಆಮೇಲೆ ಆರು ವರ್ಷ ಅವರು ಅದೇ ದಾರಿಯಲ್ಲಿ ಓಡಾಡಿದರು. ಹದಿನೇಳು ವರ್ಷಗಳಲ್ಲಿ ಅವರ ಮೋಟಾರಿನಲ್ಲಿ ಕುಳಿತ ಒಬ್ಬರಿಗೂ ಕೂದಲು ಕೊಂಕಲಿಲ್ಲ. ನುಗ್ಗಿಸಿ ದಾಟುತ್ತಿದ್ದ ಶೂರರ ಬಗ್ಗೆ ಹೀಗೆ ಹೇಳಲಾಗದು. ಆದರೂ ಆ ಶೂರರಿಗೆ ಹೊಸ ನೌಕರಿ ಸಿಕ್ಕಿತು, ಇವರಿಗೆ ಹಾರ ಮತ್ತು ಪುಸ್ತಕ. ಬರುವ ತಿಂಗಳು ಆಯ್ಕೆಯಾಗದವರ ಕಾಗದಗಳನ್ನು ಮತ್ತೊಮ್ಮೆ ನೋಡುತ್ತಾರೆಂದು ಕೇಳಿ, ನಡೆದದ್ದನ್ನೆಲ್ಲ ಬರೆದು, ಗುದ್ಲೆಪ್ಪನ ಸಾಕ್ಷಿಯೊಂದಿಗೆ ಮೊನ್ನೆ ಕಳಿಸಿದ್ದೇನೆ. ಅದನ್ನು ಓದುತ್ತಾರೋ ಇಲ್ಲವೋ, ಓದಿದರೂ ನಂಬುತ್ತಾರೋ ಇಲ್ಲವೋ ತಿಳಿಯದು. ನನ್ನ ಪಿಂಚಣಿಗೆ ಇನ್ನು ಎರಡು ವರ್ಷವಿದೆ. ಅದರ ಗತಿಯೇನೆಂಬ ಭಯವೂ ಇದೆ. ಇಲ್ಲವೆಂದು ಬರೆದರೆ ಇನ್ನೊಂದು ಜಾಣವಾಕ್ಯವಾದೀತು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಕಳೆದ ರವಿವಾರ ಹತ್ತಿಮತ್ತೂರಿಗೆ ಹೋಗಿ, ಸಾಹೇಬರ ಕಟ್ಟೆಯ ಮೇಲೆ ಕುಳಿತು, ಇಲ್ಲಿಯವರೆಗೆ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು ಬಿತ್ತುವ ಶೇಂಗಾ ಸುಲಿಯುತ್ತ ಕೇಳಿದರು.

"ಆ ಕಾಗದಾ ಮಾಲಕರು ನನಗ ಅವತ್ತ ತೋರಿಸಿದ್ರು," ಎಂದರು ಕೊನೆಗೆ. "ನೀವು ಬರದದ್ದೆಲ್ಲಾ ಖರೇನ ಇತ್ತಲ್ರಿ."

"ಮತ್ತ ಕಲ್ಲಿನ ಮಾತು ನೀವ್ಯಾಕ ಹೇಳಲಿಲ್ರಿ?"

"ಆ ಮುದುಕೀನ ಪೋಲೀಸ್ರು ಎಳದಾಡತಿದ್ರು. ನಿಮ್ಮ ಮನಿಯಾಗ ಹಸೀ ಬಾಣಂತಿ. ಒಂದು ತಿಂಗಳ ಮಾತು ಅಂತ ಸುಮ್ಮಕಾದೆ. ಅದು ಇಷ್ಟು ದೂರ ಬರತೈತಿ ಅಂತ ನನಗೇನು ಗೊತ್ರಿ." ಮತ್ತೊಂದಿಷ್ಟು ಶೇಂಗಾ ಸುಲಿದು, ಹುಬ್ಬು ಗಂಟಿಕ್ಕಿ ಕೇಳಿದರು: "ಅದಿರಲಿ ಮಾಸ್ತರ, ಹುಡಿಗಿಗೆ ಈಗ ಆರು ಅಲ್ರಿ? ನಾಳೆ ದೊಡ್ಡ ಸಾಲಿಗೆ ಹಾನಗಲ್ಲಿಗೆ ಹೋಗಬೇಕಂದ್ರ ಆ ಹಳ್ಳಾ ದಾಟಬೇಕು. ಹೊಸಾ ಡ್ರೈವರ ಇಳದು ನೋಡತಾನಂತ ನನಗ ನಂಬಿಗಿ ಇಲ್ಲ. ಆಕಿಗೆ ಈಜು ಕಲಿಸೀರೇನು?"

ಇಲ್ಲವೆಂದೆ.

"ಹಂಗಾದ್ರ ಕರಕೊಂಡು ಬರ್ರಿ, ನಾ ಕಲಿಸ್ತೇನಿ. ನನಗೀಗ ಪುರಸೊತ್ತು ಬಾಳ ಐತಿ."

ಅಭಿನಂದನೆಯ ಕೊನೆಗೆ ಹಾರೈಸುವುದು ರೂಢಿ. ದಿಲಾವರ ಸಾಹೇಬರು ನೂರು ವರ್ಷ ಬಾಳಲಿ. ಅವರ ಕಣ್ಣು, ಕೈ, ಅಂಜಿಕೆ ಮೂರೂ ಹೀಗೆಯೇ ಗಟ್ಟಿಯಾಗಿರಲಿ. ಆ ಪುರಸೊತ್ತು ಮಾತ್ರ ಅವರಿಗೆ ಬರುವ ತಿಂಗಳಿಗೇ ಮುಗಿದುಹೋಗಲಿ.